ಷೆವ್ರೊಲೆ 3100 ಟ್ರಕ್ಕಿಗೆ ಕ್ಯಾಮರೊ ಸಬ್‌ಫ್ರೇಮ್: ಅಳತೆ, ಕತ್ತರಿಕೆ, ವೆಲ್ಡಿಂಗ್

1947ರಿಂದ 1954ರವರೆಗಿನ ಷೆವ್ರೊಲೆ 3100 ಪಿಕಪ್‌ಗೆ ಮುಂದೆ ಇರುವುದು ಲೀಫ್ ಸ್ಪ್ರಿಂಗ್, ಐ-ಬೀಮ್ ಆಕ್ಸಲ್. ಡಿಸ್ಕ್ ಬ್ರೇಕ್, ಪವರ್ ಸ್ಟಿಯರಿಂಗ್ ಬೇಕೆಂದವರು ಅಮೆರಿಕದಲ್ಲಿ 1970–81ರ ಕ್ಯಾಮರೊ ಕಾರಿನ ಸಬ್‌ಫ್ರೇಮ್ (ಎಂಜಿನ್, ಮುಂಚಕ್ರಗಳನ್ನು ಹೊರುವ ಮುಂಭಾಗದ ಚೌಕಟ್ಟು) ತಂದು ಕೂರಿಸುತ್ತಾರೆ. ಅದರ ಸ್ಟಿಯರಿಂಗ್ ಬಾಕ್ಸ್ ಆಕ್ಸಲ್‌ಗಿಂತ ಮುಂದಿರುವುದರಿಂದ ಎಂಜಿನ್ನಿನ ಆಯಿಲ್ ಸಂಪಿಗೆ (ತಳದ ಆಯಿಲ್ ತೊಟ್ಟಿಗೆ) ಸ್ಟಿಯರಿಂಗ್ ಲಿಂಕೇಜ್ ಸಲಾಕೆಗಳು ಅಡ್ಡ ಬರುವುದಿಲ್ಲ. ಬೋಲ್ಟ್ ಬಿಗಿದು ಮುಗಿಸುವ ಕೆಲಸವಲ್ಲ ಇದು. ವೆಲ್ಡಿಂಗ್‌ನಲ್ಲಿ ಪಳಗಿದ ಕೈ ಇಲ್ಲದಿದ್ದರೆ ಜೋಡಣೆಯನ್ನು ಬಲ್ಲವರಿಗೇ ಬಿಡಿ.

ಹೆಚ್ಚು ಹೊತ್ತು ಹಿಡಿಯಬೇಕಾದದ್ದು ಅಳತೆ. ಸಮತಟ್ಟಾದ ಕಾಂಕ್ರೀಟ್ ನೆಲದಲ್ಲಿ ಗಾಡಿ ಮುಗಿದ ಮೇಲೆ ಯಾವ ಎತ್ತರದಲ್ಲಿ ನಿಲ್ಲಬೇಕೋ ಅದೇ ಎತ್ತರಕ್ಕೆ ಜಾಕ್ ಸ್ಟ್ಯಾಂಡ್ ಕೊಡಿ. ಹಾಕಲಿರುವ ಟಯರುಗಳ ಎತ್ತರವನ್ನು ಲೆಕ್ಕಕ್ಕೆ ಹಿಡಿದೇ ಇದನ್ನು ಗೊತ್ತುಮಾಡಬೇಕು. ತೂಗುಗುಂಡು ಬಿಟ್ಟು ಹಿಂದಿನ ಆಕ್ಸಲ್‌ನ ನಡುಗೆರೆ, ಅಲ್ಲಿಂದ 116 ಇಂಚು (2946 ಮಿ.ಮೀ.) ಮುಂದಕ್ಕೆ ಮುಂಚಕ್ರದ ಗೆರೆ, ಚಾಸಿಯ ಉದ್ದದ ಮಧ್ಯರೇಖೆ, ಮೂರನ್ನೂ ನೆಲದ ಮೇಲೆ ಗೀಚಿ. ಸೀಮೆಸುಣ್ಣದ ಗೆರೆ ಕಾಲಡಿ ಅಳಿಸಿಹೋಗುತ್ತದೆ, ಲೋಹದ ಮೊನೆಯಿಂದ ಗೀರುವುದೇ ಸರಿ. ಕತ್ತರಿಸುವ ಮೊದಲು ಕ್ಯಾಬಿನ್ ಕೆಳಗೆ ಚಾಸಿಯ ಎರಡು ರೇಲ್‌ಗಳ (ಉದ್ದದ ತೊಲೆಗಳ) ನಡುವೆ ಅಡ್ಡ ಪೈಪು ಟ್ಯಾಕ್ ಮಾಡಿ (ಚುಕ್ಕಿ ವೆಲ್ಡ್‌ನಿಂದ ತಾತ್ಕಾಲಿಕವಾಗಿ ಹಿಡಿಸಿ), ಇಲ್ಲವಾದರೆ ರೇಲ್‌ಗಳು ಒಳಕ್ಕೋ ಹೊರಕ್ಕೋ ಸರಿಯುತ್ತವೆ. ಬ್ಯಾಟರಿ ತಂತಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಪೂರ್ತಿ ಹೊರಗಿಡಿ. ಈ ಟ್ರಕ್ಕುಗಳಲ್ಲಿ ಬಹುಪಾಲಿಗೆ ಟ್ಯಾಂಕ್ ಇರುವುದು ಕ್ಯಾಬಿನ್ ಒಳಗೆ, ಸೀಟಿನ ಹಿಂದೆ.

ಟ್ರಕ್ಕಿನ ರೇಲನ್ನು ಫೈರ್‌ವಾಲ್‌ನ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆಯ) ಮುಂದೆ ಕತ್ತರಿಸಿ. ಎರಡೂ ಕಡೆ 150–200 ಮಿ.ಮೀ. ಹೆಚ್ಚುವರಿ ಬಿಟ್ಟುಕೊಳ್ಳಿ, ತಾಳೆ ನೋಡಿದ ಮೇಲೆ ಕಳೆಯಬಹುದು. ಸಬ್‌ಫ್ರೇಮ್‌ನಿಂದ ಸ್ಪ್ರಿಂಗ್ ತೆಗೆದು, ಶಾಕ್ ಅಬ್ಸಾರ್ಬರ್ ಜಾಗದಲ್ಲಿ ಗಟ್ಟಿ ಸಲಾಕೆ ಬಿಗಿದು ಕೆಳಗಿನ ಕಂಟ್ರೋಲ್ ಆರ್ಮ್ (ಚಕ್ರವನ್ನು ಸಬ್‌ಫ್ರೇಮ್‌ಗೆ ಜೋಡಿಸುವ ತೋಳು) ಹೆಚ್ಚುಕಡಿಮೆ ಅಡ್ಡಲಾಗಿ ನಿಲ್ಲುವಂತೆ ಮಾಡಿ. ಕ್ಯಾಮರೊದಲ್ಲಿ ಸಬ್‌ಫ್ರೇಮ್ ಯಾವ ಕೋನದಲ್ಲಿತ್ತೋ ಅದೇ ಕೋನ ಇಲ್ಲೂ ಸಿಗಬೇಕು, ರಸಮಟ್ಟ ಇಟ್ಟು ನೋಡಿ. ಅದರ ಮೂತಿ ತಗ್ಗಿದರೆ ಕ್ಯಾಸ್ಟರ್ (ಮುಂಚಕ್ರ ತಿರುಗುವ ಅಕ್ಷದ ಹಿಂಬಾಗು) ಕಳೆದುಹೋಗುತ್ತದೆ. ಆಗ ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ, ಶಿಮ್ (ತೆಳು ತಗಡಿನ ತುಂಡು) ಎಷ್ಟು ತುರುಕಿದರೂ ಸರಿಹೋಗದು.

ಟ್ಯಾಕ್ ಮಾಡಿ, ಎಡ-ಬಲ ಕರ್ಣಗಳನ್ನು ಅಳೆಯಿರಿ. 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಟ್ಯಾಕ್ ಒಡೆದು ಮತ್ತೆ ಕೂರಿಸಿ. ಟ್ರಕ್ಕಿನ ಮತ್ತು ಸಬ್‌ಫ್ರೇಮ್‌ನ ರೇಲ್‌ಗಳ ಅಗಲ ಒಂದಕ್ಕೊಂದು ಸೇರುವುದಿಲ್ಲ, ಸಂದನ್ನು 5 ಮಿ.ಮೀ. ಪ್ಲೇಟಿನಿಂದ ತುಂಬಬೇಕು. ನೇರ ಲಂಬ ಜೋಡಣೆ ಬೇಡ, ಬಿರುಕು ಶುರುವಾಗುವುದೇ ಆ ಗೆರೆಯಲ್ಲಿ. ಮೆಟ್ಟಿಲಾಕಾರದಲ್ಲಿ ಕತ್ತರಿಸಿ, ಮೇಲೆ ವಜ್ರಾಕಾರದ ಫಿಶ್ ಪ್ಲೇಟ್ (ಜೋಡಣೆಯನ್ನು ಬಲಪಡಿಸುವ ಪಟ್ಟಿ) ಇಟ್ಟು, ಅದರಲ್ಲಿ 16 ಮಿ.ಮೀ. ರಂಧ್ರ ಕೊರೆದು, ರಂಧ್ರವನ್ನೇ ತುಂಬುವ ಪ್ಲಗ್ ವೆಲ್ಡ್ ಹಾಕಿ. ಒಂದೇ ಕಡೆ ಉದ್ದಕ್ಕೆ ವೆಲ್ಡ್ ಗೆರೆ (ಬೀಡ್) ಎಳೆದರೆ ರೇಲ್ ಸೊಟ್ಟಗಾಗುತ್ತದೆ. ಎಡಕ್ಕೊಂದು ತುಂಡು, ಬಲಕ್ಕೊಂದು ತುಂಡು, ನಡುನಡುವೆ ಆರಲು ಬಿಟ್ಟು ಮತ್ತೆ ಅಳತೆ.

ಬಾಲ್ ಜಾಯಿಂಟ್, ಬುಷ್ ಹೊಸವು ಹಾಕಿ. ಎತ್ತರ ತಗ್ಗಿಸಲು ಸ್ಪ್ರಿಂಗ್ ಕತ್ತರಿಸುವುದಾದರೆ ಒಂದು ಸಲಕ್ಕೆ ಅರ್ಧ ಸುತ್ತು, ಅದೂ ಗ್ರೈಂಡರ್ ಚಕ್ರದಿಂದ. ಗ್ಯಾಸ್ ಜ್ವಾಲೆ ತಾಗಿಸಿದರೆ ಉಕ್ಕಿನ ಹದ ಕೆಡುತ್ತದೆ.

ಬ್ರೇಕಿನ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ದ್ರವವನ್ನು ತಳ್ಳುವ ಭಾಗ) ಕ್ಯಾಬಿನ್ ನೆಲದಡಿ ಉಳಿಯುವುದಾದರೆ ಮುಂದೆ-ಹಿಂದೆ ಬೇರೆ ಬೇರೆಯಾದ ಎರಡು ಸರ್ಕ್ಯೂಟಿನದನ್ನೇ ಹಾಕಬೇಕು. ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ) ಅದಕ್ಕಿಂತ ಮೇಲಿರುವುದರಿಂದ ದ್ರವ ಹಿಂದಕ್ಕೆ ಹರಿದು ಪೆಡಲ್ ಆಳಕ್ಕಿಳಿಯುತ್ತದೆ. ಅದನ್ನು ತಡೆಯಲು ಡಿಸ್ಕ್ ಲೈನಿಗೆ 2 ಪಿಎಸ್‌ಐ, ಡ್ರಮ್ ಲೈನಿಗೆ 10 ಪಿಎಸ್‌ಐ ರೆಸಿಡ್ಯುಯಲ್ ವಾಲ್ವ್ (ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್) ಬೇಕು. ಕ್ಯಾಮರೊ ಹಬ್ಬಿಗೆ 4.75 ಇಂಚು ವೃತ್ತದಲ್ಲಿ ಐದು ಬೋಲ್ಟು, ಟ್ರಕ್ಕಿನ ಹಿಂದೆ ಆರು. ಹಿಂದಿನ ಆಕ್ಸಲ್ ಬದಲಿಸುವ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಿ. ಮುಂಚಕ್ರಗಳ ಅಂತರವೂ ಹಿಗ್ಗುತ್ತದೆ. ಚಕ್ರ ಕೊಳ್ಳುವ ಮುನ್ನ ಸ್ಟಿಯರಿಂಗ್ ಎರಡೂ ಕೊನೆಗೆ ತಿರುಗಿಸಿ, ಫೆಂಡರ್ ಅಂಚಿಗೆ ಎಷ್ಟು ಜಾಗ ಉಳಿದಿದೆ ಎಂದು ನೋಡಿ.

ಅಲೈನ್‌ಮೆಂಟ್ ಆರಂಭಕ್ಕೆ: ಕ್ಯಾಸ್ಟರ್ ಧನ 3ರಿಂದ 5 ಡಿಗ್ರಿ, ಕ್ಯಾಂಬರ್ (ಚಕ್ರದ ಮೇಲ್ಭಾಗದ ಒಳ-ಹೊರ ಓರೆ) 0ಯಿಂದ ಋಣ ಅರ್ಧ ಡಿಗ್ರಿ, ಟೋ-ಇನ್ (ಚಕ್ರಗಳ ಮುಂತುದಿ ಒಳಮುಖವಾಗಿರುವ ಪ್ರಮಾಣ) 1.5ರಿಂದ 3 ಮಿ.ಮೀ. ಮೊದಲ ಕೆಲವು ಓಟಗಳ ನಂತರ ಫಿಶ್ ಪ್ಲೇಟಿನ ತುದಿಗಳನ್ನು ಒರೆಸಿ ದೀಪ ಹಿಡಿದು ನೋಡಿ. ಕೂದಲೆಳೆಯಷ್ಟು ಗೆರೆ ಕಂಡರೂ ಆ ವೆಲ್ಡನ್ನು ತೆಗೆದು ಹೊಸದಾಗಿ ಹಾಕಿ.