ಶ್ರುತಿ–ತಾಳದ ಟ್ರ್ಯಾಕ್ ಇಟ್ಟುಕೊಂಡು ಮನೆಯಲ್ಲಿ ಅಭ್ಯಾಸ ಮಾಡುವುದು ಹೇಗೆ?

ಬದಿಯಡ್ಕ, ನೀರ್ಚಾಲು, ಪೆರ್ಲದ ಕಡೆಗಳಲ್ಲಿ ವಾರಕ್ಕೊಮ್ಮೆ ಸಂಗೀತ ಪಾಠಕ್ಕೆ ಹೋಗುವ ಅನೇಕರು ಉಳಿದ ದಿನಗಳಲ್ಲಿ ಮೊಬೈಲಿನ ತಂಬೂರಿಯನ್ನೂ ತಾಳವನ್ನೂ ನೆಚ್ಚಿಕೊಂಡು ಹಾಡುತ್ತಾರೆ. ಹೆಚ್ಚಿನವರು ಎಡವುವುದು ಒಂದೇ ಕಡೆ: ಟ್ರ್ಯಾಕನ್ನು ಜೋರಾಗಿ ಇಡುವುದರಿಂದ ತಮ್ಮ ಸ್ವರ ಎಲ್ಲಿ ನಿಂತಿದೆ ಎಂಬುದೇ ಅವರಿಗೆ ಕೇಳಿಸುವುದಿಲ್ಲ.

ಶ್ರುತಿಯನ್ನು ಗುರುಗಳು ಹೇಳಿದ ಮನೆಗೇ, ಅಂದರೆ ಅವರು ಹೇಳಿದ ಶ್ರುತಿಯ ಎತ್ತರಕ್ಕೇ ಇಡಿ. ಹಿಂದೋಳ, ಶ್ರೀರಂಜನಿಯಂತಹ ಪಂಚಮವಿಲ್ಲದ ರಾಗಗಳಿಗೆ ತಂಬೂರಿಯನ್ನು ಮಧ್ಯಮಕ್ಕೆ ಬದಲಾಯಿಸಿ.

ಮುಂದಿನ ಹಂತಕ್ಕೆ ತಾಳ್ಮೆ ಬೇಕು. ಸ್ಪೀಕರನ್ನು ಪಕ್ಕದಲ್ಲಿ ಸ್ವಲ್ಪ ದೂರ ಇಟ್ಟು, ನೀವು ಸಹಜವಾಗಿ ಹಾಡುವ ದನಿಗಿಂತ ಅದರ ಸದ್ದು ಕೆಳಗಿರುವಂತೆ ನೋಡಿಕೊಳ್ಳಿ. ಬಳಿಕ ಷಡ್ಜವನ್ನು ಉಸಿರು ಇರುವಷ್ಟು ಹೊತ್ತು ಹಿಡಿಯಿರಿ. ಸ್ವರ ಕೂದಲೆಳೆಯಷ್ಟು ತಗ್ಗಿದ್ದರೂ ಶ್ರುತಿಯೊಡನೆ ಸೇರುವಲ್ಲಿ ಒಂದು ನಡುಕ ಕೇಳಿಸುತ್ತದೆ. ಸ್ವರವನ್ನು ಮೆಲ್ಲನೆ ಏರಿಸಿದಂತೆ ಆ ನಡುಕ ನಿಧಾನವಾಗಿ, ಕೊನೆಗೆ ನಿಂತುಬಿಡುತ್ತದೆ. ಅದು ನಿಂತ ಜಾಗವೇ ನಿಮ್ಮ ಷಡ್ಜ. ಪಂಚಮವನ್ನೂ ತಾರಷಡ್ಜವನ್ನೂ ಹೀಗೆಯೇ ಸೇರಿಸಿದ ಮೇಲಷ್ಟೇ ವರಸೆಗಳಿಗೆ (ಸ್ವರಾಭ್ಯಾಸದ ಪಾಠಗಳಿಗೆ) ಹೋಗಬೇಕು. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಮಂದ್ರಷಡ್ಜ ತುಂಬಿ ಕೇಳುವುದಿಲ್ಲವಾದ್ದರಿಂದ ಸಾಧಾರಣದ್ದಾದರೂ ಒಂದು ಸ್ಪೀಕರ್ ಬೇಕು. ಆದರೆ ಬರೀ ಗುಂಯ್‌ಗುಡುವ, ಬೇಸ್ ಹೆಚ್ಚಿಸಿದ ಅಗ್ಗದ ಸ್ಪೀಕರನ್ನು ಖಂಡಿತ ಕೊಳ್ಳಬೇಡಿ. ಆಟಿಯ ಮಳೆ ಹಂಚಿನ ಮಾಡಿನ ಮೇಲೆ ಸುರಿಯುವಾಗ ಸದ್ದು ಏರಿಸುವ ಬದಲು ಒಂದು ಕಿವಿಗೆ ಮಾತ್ರ ವೈರಿನ ಇಯರ್‌ಫೋನ್ ಹಾಕಿಕೊಂಡು, ಇನ್ನೊಂದು ಕಿವಿಯನ್ನು ನಿಮ್ಮ ಸ್ವರಕ್ಕೆ ಬಿಡಿ. ಬ್ಲೂಟೂತಿನಲ್ಲಿ ಸದ್ದು ತುಸು ತಡವಾಗಿ ಬರುವುದರಿಂದ, ಟ್ರ್ಯಾಕಿನ ಮೇಲೆ ನಿಮ್ಮ ಹಾಡನ್ನು ರೆಕಾರ್ಡ್ ಮಾಡಿದರೆ ತಾಳ ಜಾರಿದಂತೆ ಕೇಳುತ್ತದೆ.

ತಾಳವನ್ನು ನಿಮಿಷಕ್ಕೆ 60 ಅಕ್ಷರಕ್ಕೆ (ತಾಳದ ಎಣಿಕೆಗೆ) ಇಟ್ಟರೆ 8 ಅಕ್ಷರಗಳ ಆದಿತಾಳದ ಒಂದು ಆವರ್ತಕ್ಕೆ, ಅಂದರೆ ಒಂದು ಪೂರ್ತಿ ಸುತ್ತಿಗೆ, 8 ಸೆಕೆಂಡು ಹಿಡಿಯುತ್ತದೆ. ಮೂರನೆಯ ಕಾಲದಲ್ಲಿ (ವೇಗದಲ್ಲಿ) ಅಕ್ಷರಕ್ಕೆ 4 ಸ್ವರ ಬರುವುದರಿಂದ ಜಂಟಿವರಸೆ ಕಲಿಯುವವರು 60ರಿಂದ ಮೇಲೆ ಹೋಗುವ ಅವಸರ ಮಾಡಬಾರದು. ಟ್ರ್ಯಾಕ್ ಇದೆಯೆಂದು ಕೈತಾಳವನ್ನು ಬಿಡುವುದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ.

ಯಕ್ಷಗಾನ ಭಾಗವತಿಕೆ ಕಲಿಯುವವರು ಪ್ರಸಂಗದ ರೆಕಾರ್ಡಿಂಗಿನ ಜೊತೆಗೇ ಹಾಡುವ ಸುಲಭದ ದಾರಿ ಹಿಡಿಯುತ್ತಾರೆ. ಅಲ್ಲಿ ಭಾಗವತರ ಸ್ವರ ನಿಮ್ಮ ತಪ್ಪನ್ನು ಮುಚ್ಚಿಬಿಡುತ್ತದೆ. ಮೊದಲು ಕೇಳಿ, ನಿಲ್ಲಿಸಿ, ಅನಂತರ ಬರೀ ಶ್ರುತಿಗೆ ಹಾಡಿ.

ಪಾಠ ಕುಳಿತ ಮೇಲೆ, ಹಾಡುತ್ತಿರುವಾಗಲೇ ತಾಳದ ಸದ್ದನ್ನು ಪೂರ್ತಿ ಇಳಿಸಿ, ಎರಡು ಆವರ್ತ ಕೈತಾಳದಲ್ಲೇ ಸಾಗಿ, ಮತ್ತೆ ಏರಿಸಿ. ಟ್ರ್ಯಾಕನ್ನು ನಿಲ್ಲಿಸದೆ ಸದ್ದನ್ನಷ್ಟೇ ಇಳಿಸಿದರೆ ಮಾತ್ರ ನೀವು ಮುಂದೆ ಓಡಿದ್ದೀರೋ ಹಿಂದೆ ಉಳಿದಿದ್ದೀರೋ ಎಂಬುದು ಸಮದಲ್ಲಿ, ಅಂದರೆ ಆವರ್ತ ಶುರುವಾಗುವ ಜಾಗದಲ್ಲಿ, ತಿಳಿಯುತ್ತದೆ.