ಅಕ್ರಿಲಿಕ್ ದಾರದಲ್ಲೂ ನೀಡಲ್ ಫೆಲ್ಟಿಂಗ್: ಹಿಂಜುವುದರಲ್ಲೇ ಇದೆ ಗುಟ್ಟು

ನೀಡಲ್ ಫೆಲ್ಟಿಂಗ್, ಅಂದರೆ ನಾರನ್ನು ಸೂಜಿಯಿಂದ ಮತ್ತೆ ಮತ್ತೆ ಚುಚ್ಚಿ ಗಟ್ಟಿ ಮಾಡಿ ಆಕಾರ ಕೊಡುವ ಕಲೆ. ಅದನ್ನು ಕಲಿಯಲು ಹೊರಟವರು ಮೊದಲು ಕೇಳುವ ಮಾತೇ ‘ಉಣ್ಣೆ ಬೇಕೇ ಬೇಕು’ ಅಂತ. ಉಣ್ಣೆ ಇದ್ದರೆ ಕೆಲಸ ಸಲೀಸು, ನಿಜ. ಆದರೆ ಹೆಣಿಗೆ, ಕ್ರೋಶೆ ಮಾಡಿ ಉಳಿದ ಅಕ್ರಿಲಿಕ್ ದಾರದಲ್ಲೂ ಪುಟ್ಟ ಗೊಂಬೆ, ಹಕ್ಕಿ, ಹೂವು ಮಾಡಬಹುದು. ಉಣ್ಣೆ ತಾಗಿದರೆ ಮೈ ತುರಿಸುವವರಿಗೆ, ಪ್ರಾಣಿಗಳಿಂದ ಬಂದ ವಸ್ತು ಬೇಡ ಎನ್ನುವವರಿಗೆ ಇದು ಒಳ್ಳೆಯ ದಾರಿ. ಒಂದೇ ಷರತ್ತು: ಚುಚ್ಚುವುದಕ್ಕೆ ಕೂರುವ ಮೊದಲು ದಾರವನ್ನು ಚೆನ್ನಾಗಿ ಹಿಂಜಬೇಕು. ಅಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ಕೆಡುತ್ತದೆ.

ಉಣ್ಣೆಯ ನಾರಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರು, ಸೋಪು ಹಾಕಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತವೆ. ಅಕ್ರಿಲಿಕ್ ಪ್ಲಾಸ್ಟಿಕ್ ಜಾತಿಯ ನಾರು, ಅದಕ್ಕೆ ಹುರುಪೆ ಇಲ್ಲ. ಹಾಗಾಗಿ ಹೀಗೆ ನೀರಲ್ಲಿ ಉಜ್ಜಿ ಗಟ್ಟಿ ಮಾಡುವ ವೆಟ್ ಫೆಲ್ಟಿಂಗ್ ಅದರಲ್ಲಿ ಆಗುವುದಿಲ್ಲ. ಸೂಜಿಯ ಲೆಕ್ಕ ಬೇರೆ. ಫೆಲ್ಟಿಂಗ್ ಸೂಜಿಯ ಅಂಚಿನಲ್ಲಿ ಸಣ್ಣ ಕಚ್ಚುಗಳಿರುತ್ತವೆ. ಒಳಗೆ ಇಳಿಯುವಾಗ ಅವು ನಾರನ್ನು ಎಳೆದುಕೊಂಡು ಹೋಗುತ್ತವೆ, ಮೇಲೆ ಬರುವಾಗ ಅಲ್ಲೇ ಬಿಟ್ಟು ಬರುತ್ತವೆ. ಕಾರ್ಖಾನೆಗಳಲ್ಲಿ ಇಂಥ ಸಾವಿರಾರು ಸೂಜಿಗಳಿರುವ ಯಂತ್ರಗಳು ಪಾಲಿಯೆಸ್ಟರ್ ನಾರನ್ನೂ ಹೀಗೆಯೇ ಚುಚ್ಚಿ ಬಟ್ಟೆ ಮಾಡುತ್ತವೆ. ಅಂದಮೇಲೆ ಅಕ್ರಿಲಿಕ್ ಯಾಕಾಗಬಾರದು, ಅಲ್ವಾ?

ದಾರ ಆರಿಸುವುದು

ಹೊಳಪಿಲ್ಲದ, ಮೆತ್ತನೆಯ, ಸಡಿಲವಾಗಿ ಹುರಿ ಮಾಡಿದ ದಾರ ಒಳ್ಳೆಯದು. ಲೇಬಲ್ ಮೇಲೆ ‘ಆಂಟಿ-ಪಿಲ್ಲಿಂಗ್’ ಅಂತಿದ್ದರೆ ಬಿಟ್ಟುಬಿಡಿ. ನಾರು ಹೊರಗೆ ಬರಬಾರದು ಅಂತಲೇ ಮಾಡಿದ ದಾರ ಅದು. ನಮಗೆ ಬೇಕಾದದ್ದು ಅದರ ಉಲ್ಟಾ. ಒಂದು ತುದಿ ಕತ್ತರಿಸಿ ಬೆರಳಲ್ಲಿ ಉಜ್ಜಿ ನೋಡಿ. ಬೇಗ ನವಿರಾಗಿ ಬಿಚ್ಚಿಕೊಂಡರೆ ಆ ದಾರ ಕೆಲಸಕ್ಕೆ ಬರುತ್ತದೆ. ಸ್ವೆಟರ್ ಹೆಣೆದರೆ ಬೇಗ ಗುಳ್ಳೆ ಏಳುವ ದಾರವೇ ಇಲ್ಲಿ ಚಿನ್ನ.

ಬೇಕಾಗುವ ಸಾಮಾನು

36 ಮತ್ತು 38ನೇ ನಂಬರಿನ ಸೂಜಿ, ಕೊನೆಯ ಕೆಲಸಕ್ಕೆ 40. ನಂಬರ್ ಜಾಸ್ತಿಯಾದಷ್ಟೂ ಸೂಜಿ ತೆಳ್ಳಗೆ. ಕೆಳಗೆ ಇಡಲು 5 ಸೆಂಟಿಮೀಟರ್‌ನಷ್ಟು ದಪ್ಪದ ಗಟ್ಟಿ ಸ್ಪಂಜು. ನಾಯಿ, ಬೆಕ್ಕಿನ ಕೂದಲು ಬಾಚುವ ತಂತಿ ಹಲ್ಲಿನ ಸ್ಲಿಕರ್ ಬ್ರಷ್ ಎರಡು. ಕತ್ತರಿ. ಬೆರಳಿಗೆ ಚರ್ಮದ ಟೋಪಿ. ಹಿಂಜುವಾಗ ಸಣ್ಣ ನಾರು ಹಾರಾಡುತ್ತದೆ, ಮಾಸ್ಕ್ ಹಾಕಿಕೊಳ್ಳಿ.

ಹಿಂಜುವುದು

ದಾರವನ್ನು 6-7 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಉದ್ದ ಜಾಸ್ತಿಯಾದರೆ ಬ್ರಷ್‌ಗೆ ಸುತ್ತಿಕೊಳ್ಳುತ್ತದೆ. ತೀರಾ ಗಿಡ್ಡವಾದರೆ ನಾರಿಗೆ ಹಿಡಿತ ಸಿಗುವುದಿಲ್ಲ. ಹುರಿ ಇರುವ ದಿಕ್ಕಿಗೆ ಉಲ್ಟಾ ತಿರುಗಿಸಿದರೆ ಎಳೆಗಳು ಬೇರೆಯಾಗುತ್ತವೆ. ಒಂದೊಂದು ಎಳೆಯನ್ನೂ ಬಿಡಿಸಿಕೊಳ್ಳಿ.

ನಾಲ್ಕೈದು ಎಳೆಗಳನ್ನು ಒಟ್ಟಿಗೆ ಬಿಗಿಯಾಗಿ ಹಿಡಿದು ತುದಿಯಿಂದ ಬಾಚಲು ಶುರುಮಾಡಿ, ನಿಧಾನವಾಗಿ ಬುಡದ ಕಡೆ ಬನ್ನಿ. ಆಮೇಲೆ ತಿರುಗಿಸಿ ಹಿಡಿದು ಇನ್ನೊಂದು ತುದಿ ಬಾಚಿ. ಬ್ರಷ್‌ನಲ್ಲಿ ಸಿಕ್ಕಿಕೊಂಡದ್ದನ್ನು ಇನ್ನೊಂದು ಬ್ರಷ್‌ನಿಂದ ಬಾಚಿ ತೆಗೆಯಿರಿ. ಅದೂ ಒಳ್ಳೆಯ ಮಾಲೇ. ಬೆಳಕಿಗೆ ಹಿಡಿದು ನೋಡಿದಾಗ ಎಲ್ಲೂ ದಾರದ ಗೆರೆ ಕಾಣಬಾರದು. ಕಂಡರೆ ಇನ್ನೊಂದು ಸಲ ಬಾಚಿ. ಸರಿಯಾಗಿ ಹಿಂಜದ ಎಳೆಯನ್ನು ಎಷ್ಟು ಚುಚ್ಚಿದರೂ ಅದು ಮೇಲೆ ಹುಳದ ಹಾಗೆ ಎದ್ದು ಕಾಣುತ್ತದೆ.

ಬಾಚುತ್ತಾ ಹೋದಂತೆ ಸ್ಟ್ಯಾಟಿಕ್ ಕರೆಂಟ್ ಹುಟ್ಟಿ ನಾರು ಕೈಗೆ, ಬಟ್ಟೆಗೆ ಅಂಟಿಕೊಳ್ಳುತ್ತದೆ. ಅಂಗೈ ಸ್ವಲ್ಪ ತೇವ ಮಾಡಿಕೊಂಡರೆ ಸಾಕು. ಎರಡು ಬಣ್ಣ ಒಟ್ಟಿಗೆ ಬಾಚಿದರೆ ಹೊಸ ಬಣ್ಣ ಸಿಗುತ್ತದೆ. ಬಿಳಿಗೆ ಚೂರು ಕಂದು ಸೇರಿಸಿ ಬಾಚಿ ನೋಡಿ, ಹಕ್ಕಿಯ ಹೊಟ್ಟೆಗೆ ಅದಕ್ಕಿಂತ ಚೆಂದದ ಬಣ್ಣ ಇಲ್ಲ.

ಚುಚ್ಚುವುದು

ಮೊದಲ ಸಲಕ್ಕೆ ಪುಟ್ಟ ಹಕ್ಕಿ ಮಾಡಿ. ಇಡೀ ಮೈಯನ್ನು ಹಿಂಜಿದ ನಾರಿನಿಂದಲೇ ಮಾಡಲು ಹೋಗಬೇಡಿ, ತುಂಬಾ ಹೊತ್ತು ಹಿಡಿಯುತ್ತದೆ. ಹಿಂಜದ ದಾರವನ್ನೇ ದಿಕ್ಕು ಬದಲಿಸುತ್ತಾ ಬಿಗಿಯಾಗಿ ಸುತ್ತಿ ಮೊಟ್ಟೆಯಾಕಾರದ ಉಂಡೆ ಮಾಡಿ. 36ರ ಸೂಜಿಯಿಂದ ಸುತ್ತಲೂ ಚುಚ್ಚಿದರೆ ಬಿಚ್ಚಿಕೊಳ್ಳುವುದಿಲ್ಲ. ಇದು ಒಳತಿರುಳು.

ಅದರ ಮೇಲೆ ಹಿಂಜಿದ ನಾರನ್ನು ತೆಳುವಾಗಿ ಹೊದಿಸಿ. ಒಂದು ಪದರ ಅಡ್ಡ, ಇನ್ನೊಂದು ಉದ್ದ. ಸೂಜಿ ನೇರವಾಗಿ ಇಳಿಯಬೇಕು, ಅದೇ ದಾರಿಯಲ್ಲಿ ನೇರವಾಗಿ ಬರಬೇಕು. ಒಳಗಿದ್ದಾಗ ಓರೆ ಮಾಡಿದರೆ ಪಟ್ ಅಂತ ಮುರಿಯುತ್ತದೆ. ಮೊದಲು ಆಳವಾಗಿ ಚುಚ್ಚಿ. ಗಟ್ಟಿಯಾಗುತ್ತಾ ಬಂದಂತೆ ಸೂಜಿಗೆ ತಡೆ ಸಿಗುವುದು ಕೈಗೇ ಗೊತ್ತಾಗುತ್ತದೆ. ಆಗ 38ಕ್ಕೆ ಬದಲಿಸಿ, ಮೇಲಮೇಲೆ ಚುಚ್ಚಿ. ಆಗಾಗ ಎತ್ತಿ ತಿರುಗಿಸುತ್ತಿರಿ. ಇಲ್ಲದಿದ್ದರೆ ನಾರು ಸ್ಪಂಜಿಗೇ ಅಂಟಿಬಿಡುತ್ತದೆ.

ರೆಕ್ಕೆ, ಬಾಲ, ಕೊಕ್ಕನ್ನು ಬೇರೆಯಾಗಿ ಮಾಡಿ. ಅಂಟಿಸುವ ಕಡೆ ನಾರನ್ನು ಚುಚ್ಚದೆ ಸಡಿಲವಾಗಿ ಬಿಡಿ. ಆ ಸಡಿಲ ನಾರನ್ನು ಮೈಮೇಲೆ ಹರಡಿ ಚುಚ್ಚಿದರೆ ಜೋಡಣೆ ಗಟ್ಟಿ. ಕಣ್ಣಿಗೆ ಚಿಟಿಕೆ ಕಪ್ಪು ನಾರನ್ನು ಬೆರಳಲ್ಲಿ ಉಂಡೆ ಮಾಡಿ 40ರ ಸೂಜಿಯಿಂದ ಕೂರಿಸಿ.

ಉಣ್ಣೆಯ ಹಾಗೆ ಆಗಲಿಲ್ಲ ಅಂದರೆ

ಆಗುವುದೂ ಇಲ್ಲ. ಅಕ್ರಿಲಿಕ್ ಅಷ್ಟು ಗಟ್ಟಿಯಾಗುವುದಿಲ್ಲ, ಮೇಲೆ ನವಿರು ಉಳಿಯುತ್ತದೆ. ಕಡ್ಡಿಯಂಥ ಕಾಲಿನ ಮೇಲೆ ನಿಲ್ಲುವ ಗೊಂಬೆಗೆ ಇದು ಸರಿಯಲ್ಲ, ಒಳಗೆ ತಂತಿ ಬೇಕಾಗುತ್ತದೆ. ಆದರೆ ಮರಿಹಕ್ಕಿ, ಮೊಲ, ಬೆಕ್ಕಿನಂಥ ರೋಮದ ಮೈಗೆ ಆ ನವಿರೇ ಕಳೆ. ಫೆಲ್ಟ್ ಬಟ್ಟೆಯ ಮೇಲೆ ಹೂವು, ಎಲೆಯ ಚಿತ್ರ ಚುಚ್ಚುವುದಕ್ಕಂತೂ ನನ್ನ ಆಯ್ಕೆ ಅಕ್ರಿಲಿಕ್ಕೇ. ಅಲ್ಲಿ ಗಟ್ಟಿತನ ಬೇಕಿಲ್ಲ, ಬಣ್ಣ ಬೇಕು. ಬಣ್ಣಕ್ಕೆ ಇಲ್ಲಿ ಬರವಿಲ್ಲ.

ಜಾಸ್ತಿ ಎದ್ದ ನಾರನ್ನು ಕತ್ತರಿಯಿಂದ ಸವರಿ. ಇಸ್ತ್ರಿ ಪೆಟ್ಟಿಗೆ ಮಾತ್ರ ಹತ್ತಿರ ತರಬೇಡಿ, ಬಿಸಿಗೆ ಅಕ್ರಿಲಿಕ್ ಕರಗಿ ಚಪ್ಪಟೆಯಾಗುತ್ತದೆ. ಉಣ್ಣೆ ತಿನ್ನುವ ನುಸಿಯ ಕಾಟ ಇದಕ್ಕಿಲ್ಲ. ಕೆಲಸದ ನಡುವೆ ಸೂಜಿ ಮುರಿದರೆ ತುದಿ ಹುಡುಕಿ ತೆಗೆದ ಮೇಲೆಯೇ ಮುಂದುವರಿಯಿರಿ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳ ಕೈಗೆ ಈ ಗೊಂಬೆ ಬೇಡವೇ ಬೇಡ.

ಬ್ರಷ್‌ನಲ್ಲಿ ಉಳಿದ ಚೂರುಪಾರನ್ನು ಸಿಂಕಿನಲ್ಲಿ ತೊಳೆದು ಬಿಡಬೇಡಿ, ಅದು ಪ್ಲಾಸ್ಟಿಕ್. ಒಂದು ಡಬ್ಬಿಯಲ್ಲಿ ಕೂಡಿಡಿ, ಮುಂದಿನ ಗೊಂಬೆಯ ಒಳತಿರುಳಿಗೆ ಆಗುತ್ತದೆ.