ಕಪ್ಪು ಪರದೆ ತೋರಿಸಿ ವಾಪಸ್ ಬರುವ ಆಟ: ರಾಸ್ಪ್‌ಬೆರಿ ಪೈನಲ್ಲಿ ಆರ್ಕೇಡ್ ಸರಿಪಡಿಸುವುದು ಹೇಗೆ?

ಪಟ್ಟಿಯಲ್ಲಿ ಆಟದ ಹೆಸರು ಕಾಣುತ್ತದೆ. ಬಟನ್ ಒತ್ತುತ್ತೀರಿ. ಪರದೆ ಕಪ್ಪಾಗುತ್ತದೆ. ಎರಡು ಸೆಕೆಂಡ್ ಕಾಯುತ್ತೀರಿ. ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ಅದೇ ಪಟ್ಟಿ ಮತ್ತೆ ಮುಂದೆ ನಿಲ್ಲುತ್ತದೆ.

ರಾಸ್ಪ್‌ಬೆರಿ ಪೈ ಎಂಬ ಚಿಕ್ಕ ಕಂಪ್ಯೂಟರ್ ಮೇಲೆ ರೆಟ್ರೋಪೈ ಎಂಬ ಸಾಫ್ಟ್‌ವೇರ್ ಹಾಕಿಕೊಂಡು, ನಾಣ್ಯ ಹಾಕಿ ಆಡುತ್ತಿದ್ದ ಹಳೇ ಆರ್ಕೇಡ್ ಆಟ ಆಡಲು ಹೊರಟ ಎಲ್ಲರಿಗೂ ಈ ಎರಡು ಸೆಕೆಂಡಿನ ಕತ್ತಲೆ ಗೊತ್ತು. ಆಮೇಲೆ ಅವರು ಮಾಡುವ ಕೆಲಸವೂ ಒಂದೇ. ಅದೇ ಆಟವನ್ನು ಇನ್ನೊಂದು ಕಡೆಯಿಂದ ಇಳಿಸಿಕೊಳ್ಳುತ್ತಾರೆ. ಅದೂ ಓಡದಿದ್ದರೆ ಮೂರನೆಯದು. ಕೊನೆಗೆ ಮೆಮೊರಿ ಕಾರ್ಡ್ ಪೂರ್ತಿ ಅಳಿಸಿ ಮೊದಲಿಂದ ಶುರು. ಈಚೆಗೆ ಗೆಳೆಯರೊಬ್ಬರು ಹೊತ್ತು ತಂದ ಡಬ್ಬಿಯಲ್ಲಿ ಒಂದೇ ಆಟದ ಐದು ಜಿಪ್ ಫೈಲ್ ಇದ್ದವು. ಐದಕ್ಕೂ ಬೇರೆ ಬೇರೆ ಹೆಸರು. ಒಂದೂ ಓಡುತ್ತಿರಲಿಲ್ಲ. ಕೂತು ನೋಡಿದರೆ ಐದರಲ್ಲಿ ಎರಡು ಫೈಲ್ ಪಕ್ಕಾ ಸರಿಯಾಗಿದ್ದವು. ಅವುಗಳನ್ನು ಓದಬೇಕಾದ ಎಮ್ಯುಲೇಟರ್ (ಹಳೇ ಯಂತ್ರದಂತೆ ನಟಿಸುವ ಸಾಫ್ಟ್‌ವೇರ್) ಮಾತ್ರ ಬೇರೆಯಾಗಿತ್ತು.

ಹಾಗಾಗಿ ಈ ಲೇಖನದಲ್ಲಿ ಮೂರನೇ ಹಂತವೇ ಮುಖ್ಯ. ಉಳಿದದ್ದನ್ನು ಬೇಗ ಮುಗಿಸೋಣ.

ಹಂತ 1: ಕರೆಂಟ್ ನೋಡಿ

ಪೈ 4ಕ್ಕೆ 5 ವೋಲ್ಟ್, 3 ಆಂಪ್ ಬೇಕು. ಪೈ 3ಕ್ಕೆ 5 ವೋಲ್ಟ್, 2.5 ಆಂಪ್. ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬಂದರೆ ವೋಲ್ಟೇಜ್ 4.63ಕ್ಕಿಂತ ಕೆಳಗೆ ಇಳಿದಿದೆ ಎಂದರ್ಥ. ಆಗ ಪೈ ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ಸದ್ದು ಕಿರಗುಟ್ಟುತ್ತದೆ, ಆಟ ಎಳೆದಾಡುತ್ತದೆ, ಕೆಲವೊಮ್ಮೆ ಮಧ್ಯದಲ್ಲೇ ನಿಂತುಬಿಡುತ್ತದೆ. ಹಳೇ ಫೋನ್ ಚಾರ್ಜರ್ ಸಾಕು ಎಂದುಕೊಂಡು ನಾನೇ ಒಂದು ವಾರ ಹಾಳು ಮಾಡಿಕೊಂಡಿದ್ದೇನೆ. ಎಷ್ಟೋ ಸಲ ಚಾರ್ಜರ್ ಸರಿಯೇ ಇರುತ್ತದೆ, ಸಪೂರ ಕೇಬಲ್ಲೇ ಅರ್ಧ ದಾರಿಯಲ್ಲಿ ವೋಲ್ಟೇಜ್ ತಿಂದುಹಾಕಿರುತ್ತದೆ. ಪೈಗೆಂದೇ ಮಾಡಿದ ಪವರ್ ಸಪ್ಲೈ ಕೊಳ್ಳಿ, ಈ ವಿಷಯದಲ್ಲಿ ಜುಗ್ಗತನ ಬೇಡ.

ಹಾಗೆಯೇ, ಆಟ ಮುಗಿದ ಮೇಲೆ ಸೀದಾ ವೈರ್ ಕೀಳಬೇಡಿ. ಮೆನುವಿನಿಂದ ಶಟ್‌ಡೌನ್ ಮಾಡಿ. ಕಾರ್ಡ್‌ಗಳು ಕೆಡುವುದಕ್ಕೆ ಇದೇ ದೊಡ್ಡ ಕಾರಣ.

ಹಂತ 2: ಲಾಗ್ ಓದಿ

ಇದನ್ನು ಮಾಡುವವರು ನೂರಕ್ಕೆ ಒಬ್ಬರೂ ಇಲ್ಲ ಅನ್ನಿಸುತ್ತದೆ. ಆಟ ಯಾಕೆ ಓಡಲಿಲ್ಲ ಎಂದು ರೆಟ್ರೋಪೈ ಪ್ರತಿ ಸಲ ಬರೆದಿಡುತ್ತದೆ. ನಾವು ಓದುವುದಿಲ್ಲ, ಅಷ್ಟೇ.

ಕೀಬೋರ್ಡ್ ಸಿಕ್ಕಿಸಿ. ಆಟ ಬಿದ್ದು ಪಟ್ಟಿಗೆ ವಾಪಸ್ ಬಂದ ಕೂಡಲೇ ಎಫ್4 ಒತ್ತಿ. ಆಜ್ಞೆ ಟೈಪ್ ಮಾಡುವ ಕಪ್ಪು ಪರದೆ, ಅಂದರೆ ಟರ್ಮಿನಲ್ ಬರುತ್ತದೆ. ರೂಟ್‌ನಿಂದ ಶುರುಮಾಡಿ 'ಡೆವ್' ಫೋಲ್ಡರ್, ಅದರೊಳಗೆ 'ಎಸ್‌ಎಚ್‌ಎಂ', ಅದರೊಳಗೆ 'ರನ್‌ಕಮಾಂಡ್ ಡಾಟ್ ಲಾಗ್' ಎಂಬ ಫೈಲ್. ಅದನ್ನು 'ಕ್ಯಾಟ್' ಆಜ್ಞೆ ಕೊಟ್ಟು ಓದಿ. ಈ ಫೈಲ್ ಕಾರ್ಡಿನಲ್ಲಿ ಇರುವುದಿಲ್ಲ, ಮೆಮೊರಿಯಲ್ಲಿ ಇರುತ್ತದೆ. ಇನ್ನೊಂದು ಆಟ ಶುರು ಮಾಡಿದರೆ ಹಳೆಯದು ಅಳಿಸಿಹೋಗುತ್ತದೆ. ಪೈ ಆಫ್ ಮಾಡಿದರೂ ಹೋಯಿತು. ಅದಕ್ಕೇ 'ಕೂಡಲೇ' ಎಂದದ್ದು.

ಉದ್ದದ ಸಾಲುಗಳನ್ನು ನೋಡಿ ಗಾಬರಿ ಬೀಳಬೇಡಿ. ನೀವು ಹುಡುಕಬೇಕಾದ ಮಾತು ಎರಡೇ. 'ನಾಟ್ ಫೌಂಡ್' ಅಂದರೆ ಜಿಪ್ ಒಳಗೆ ಇರಬೇಕಾದ ಯಾವುದೋ ಚೂರು ಇಲ್ಲ. 'ರಾಂಗ್ ಚೆಕ್‌ಸಮ್' ಅಂದರೆ ಚೂರು ಇದೆ, ಆದರೆ ಎಮ್ಯುಲೇಟರ್ ಕೇಳಿದ್ದು ಅದಲ್ಲ. ಎರಡೂ ಮೂರನೇ ಹಂತಕ್ಕೇ ಕರೆದುಕೊಂಡು ಹೋಗುತ್ತವೆ.

ಹಂತ 3: ರೋಮ್ ಮತ್ತು ಎಮ್ಯುಲೇಟರ್ ಜೋಡಿ ಕೂಡಿಸಿ

ಮನೆಯಲ್ಲಿ ಆಡುತ್ತಿದ್ದ ಕಾರ್ಟ್ರಿಜ್ ಆಟಗಳಿಗೂ ಆರ್ಕೇಡ್ ಆಟಗಳಿಗೂ ಇಲ್ಲಿ ದೊಡ್ಡ ವ್ಯತ್ಯಾಸ ಇದೆ. ಕಾರ್ಟ್ರಿಜ್ ಆಟ ಸಾಮಾನ್ಯವಾಗಿ ಒಂದೇ ಫೈಲ್. ಆರ್ಕೇಡ್ ಆಟ ಒಂದು ದೊಡ್ಡ ಬೋರ್ಡ್. ಅದರ ಮೇಲೆ ಹತ್ತಾರು ಚಿಪ್. ಪ್ರತಿ ಚಿಪ್ಪಿನ ನಕಲು ಒಂದೊಂದು ಫೈಲ್. ಅವೆಲ್ಲ ಸೇರಿದ್ದೇ ಜಿಪ್, ಇದನ್ನೇ ರೋಮ್ ಎನ್ನುವುದು.

ಪ್ಯಾಕ್‌ಮ್ಯಾನ್ ಜಿಪ್ ತೆರೆದು ಒಮ್ಮೆ ನೋಡಿ. 'ಪ್ಯಾಕ್‌ಮ್ಯಾನ್ 6ಇ', '6ಎಫ್', '6ಎಚ್', '6ಜೆ' ಎಂಬ ನಾಲ್ಕು ಫೈಲ್ ಕಾಣುತ್ತವೆ. ಒಂದೊಂದೂ 4096 ಬೈಟ್. ಇಡೀ ಆಟದ ಪ್ರೋಗ್ರಾಂ ಆ ನಾಲ್ಕರಲ್ಲೇ ಇದೆ. 6ಇ ಎನ್ನುವುದು ಆ ಚಿಪ್ ಬೋರ್ಡಿನ ಮೇಲೆ ಕೂತಿದ್ದ ಜಾಗದ ಗುರುತು. ಚಿತ್ರಗಳ ಚಿಪ್ ಬೇರೆ, ಬಣ್ಣದ್ದು ಬೇರೆ, ಸದ್ದಿನದ್ದು ಬೇರೆ.

ನೋಡಿ ಆಯಿತಾ? ಈಗ ಮುಚ್ಚಿ. ಜಿಪ್ ಬಿಚ್ಚಿ ಇಡಬೇಡಿ. 'ಬಿಚ್ಚಿಟ್ಟರೆ ಬೇಗ ಓಡುತ್ತೆ' ಎಂದು ಎಲ್ಲವನ್ನೂ ಬಿಚ್ಚಿಟ್ಟವರನ್ನು ನೋಡಿದ್ದೇನೆ. ಹಾಗೆಯೇ ಜಿಪ್ ಹೆಸರನ್ನು ಚೆಂದ ಮಾಡಲು ಹೋಗಬೇಡಿ. ಸ್ಟ್ರೀಟ್ ಫೈಟರ್ 2ರ ಜಿಪ್ ಹೆಸರು 'ಎಸ್‌ಎಫ್2'. ಅದು ಹಾಗೇ ಇರಬೇಕು, ಸಣ್ಣ ಅಕ್ಷರದಲ್ಲೇ ಇರಬೇಕು. ಎಮ್ಯುಲೇಟರ್ ಆಟವನ್ನು ಗುರುತಿಸುವುದೇ ಆ ಹೆಸರಿನಿಂದ. ಪಟ್ಟಿಯಲ್ಲಿ ಪೂರ್ತಿ ಹೆಸರು ಬೇಕೆಂದರೆ ಅದಕ್ಕೆ ಸ್ಕ್ರೇಪರ್ ಎಂಬ ಸಾಧನ ಇದೆ, ಆಮೇಲೆ ನೋಡಿಕೊಳ್ಳಿ.

ಈಗ ಅಸಲಿ ತೊಡಕು. ಮೇಮ್ ಎಂಬ ಎಮ್ಯುಲೇಟರ್ 1997ರಲ್ಲಿ ಶುರುವಾದದ್ದು. ಹಳೇ ಬೋರ್ಡ್‌ಗಳನ್ನು ಉಳಿಸಿಕೊಳ್ಳುವುದು ಅದರ ಉದ್ದೇಶ, ಬರೀ ಆಟ ಆಡಿಸುವುದಲ್ಲ. ಹಾಗಾಗಿ ಯಾವುದೋ ಚಿಪ್ಪಿನ ನಕಲು ತಪ್ಪಾಗಿತ್ತು ಎಂದು ಗೊತ್ತಾದರೆ ಮುಂದಿನ ಆವೃತ್ತಿಯಲ್ಲಿ ಸರಿಯಾದದ್ದು ಸೇರುತ್ತದೆ. ಅಲ್ಲಿಯವರೆಗೆ ನಕಲು ಮಾಡದೇ ಉಳಿದಿದ್ದ ಚಿಪ್ ಸಿಕ್ಕರೆ ಅದೂ ಸೇರುತ್ತದೆ. ಹೊಸ ಮೇಮ್ ಹೊಸ ಚೂರುಗಳನ್ನೇ ಕೇಳುತ್ತದೆ, ಹಳೇ ಮೇಮ್ ಹಳೆಯದನ್ನೇ ಕೇಳುತ್ತದೆ. ಆಟದ ಹೆಸರು ಒಂದೇ, ಜಿಪ್ ಹೆಸರು ಒಂದೇ, ಒಳಗಿನ ಸರಕು ಬೇರೆ.

ಪೈ ಚಿಕ್ಕ ಕಂಪ್ಯೂಟರ್. ಇವತ್ತಿನ ಮೇಮ್ ಅದಕ್ಕೆ ಭಾರ. ಆದ್ದರಿಂದ ರೆಟ್ರೋಪೈನಲ್ಲಿ ಹಳೇ ಮೇಮ್‌ಗಳೇ ಜಾಸ್ತಿ. ಮೇಮ್4ಆಲ್‌ಗೆ ಬೇಕಾದದ್ದು 0.37 ಬೀಟಾ 5ರ ರೋಮ್‌ಸೆಟ್, ಅಂದರೆ ಆ ಆವೃತ್ತಿಗೆ ಹೊಂದುವ ಜಿಪ್‌ಗಳ ಕಟ್ಟು. ಮೇಮ್2003ಕ್ಕೆ 0.78. ಮೇಮ್2010ಕ್ಕೆ 0.139. ಎಫ್‌ಬಿ ನಿಯೋ ಎಂಬ ಎಮ್ಯುಲೇಟರ್ ಬೇರೆಯೇ ಬಳಗ, ಅದಕ್ಕೆ ಅದರದೇ ಇತ್ತೀಚಿನ ಸೆಟ್ ಬೇಕು. ಮೇಮ್2003 ಪ್ಲಸ್ ಎನ್ನುವುದು 0.78ರ ಮೇಲೆ ಕಟ್ಟಿದ್ದು, ಆದರೆ ಆಟಗಳನ್ನು ಸೇರಿಸುತ್ತಾ ಬಂದಿರುವುದರಿಂದ ಅದಕ್ಕೂ ತನ್ನದೇ ಪಟ್ಟಿ ಇದೆ.

ಇಲ್ಲಿ ಎರಡು ಗುಂಡಿ ಇವೆ, ಎಲ್ಲರೂ ಬೀಳುತ್ತಾರೆ. ಒಂದು, 2003 ಎನ್ನುವುದು ಆ ಮೇಮ್ ಬಂದ ವರ್ಷ, ಆವೃತ್ತಿಯ ಸಂಖ್ಯೆ ಅಲ್ಲ. ಎರಡು, 0.78ನ್ನೂ 0.139ನ್ನೂ ಗಣಿತದ ದಶಮಾಂಶದ ಹಾಗೆ ಓದಬೇಡಿ. ಚುಕ್ಕೆಯ ಆಚೆ ಇರುವುದು ಎಪ್ಪತ್ತೆಂಟು ಮತ್ತು ನೂರ ಮೂವತ್ತೊಂಬತ್ತು. ಅಂದರೆ 0.139 ಹೊಸದು. 'ನನ್ನ ಹತ್ತಿರ ಇರುವ 0.78 ದೊಡ್ಡದಲ್ವಾ, ಅದೇ ಹೊಸದು' ಎಂದು ವಾದ ಮಾಡಿದವರು ನನ್ನ ಗೆಳೆಯರಲ್ಲೇ ಇಬ್ಬರಿದ್ದಾರೆ.

ನನ್ನ ಸಲಹೆ ಕೇಳುವುದಾದರೆ ಎರಡೇ ಇಟ್ಟುಕೊಳ್ಳಿ. ಫೈಟಿಂಗ್ ಆಟ, ನಿಯೋ ಜಿಯೋ ಎಂಬ ಆರ್ಕೇಡ್ ಯಂತ್ರದ ಆಟಗಳಿಗೆ ಎಫ್‌ಬಿ ನಿಯೋ. ಉಳಿದ ಹಳೇ ಆಟಗಳಿಗೆ ಮೇಮ್2003 ಪ್ಲಸ್. ಆರು ಎಮ್ಯುಲೇಟರ್ ಹಾಕಿಕೊಂಡು ಆರು ಫೋಲ್ಡರ್‌ನಲ್ಲಿ ಆಟ ಹಂಚಿದರೆ ನಿಮಗೇ ಲೆಕ್ಕ ಸಿಗುವುದಿಲ್ಲ. ಎಲ್ಲವನ್ನೂ 'ಆರ್ಕೇಡ್' ಫೋಲ್ಡರಿಗೇ ಹಾಕಿ. ಆಟ ಶುರುವಾಗುವ ಮುಂಚೆ ಒಂದು ಬೂದು ಚೌಕ ಬರುತ್ತದಲ್ಲ, ಆಗ ಯಾವುದಾದರೂ ಬಟನ್ ಒತ್ತಿ. ರನ್‌ಕಮಾಂಡ್ ಮೆನು ತೆರೆಯುತ್ತದೆ. ಈ ಆಟಕ್ಕೆ ಈ ಎಮ್ಯುಲೇಟರ್ ಎಂದು ಅಲ್ಲೇ ಗಂಟು ಹಾಕಬಹುದು. ಒಮ್ಮೆ ಹಾಕಿದರೆ ಅದು ನೆನಪಿಟ್ಟುಕೊಳ್ಳುತ್ತದೆ. ಗೆಳೆಯರ ಡಬ್ಬಿಯ ಆ ಎರಡು ಫೈಲ್ ಓಡಿದ್ದು ಹೀಗೇ. ಹೊಸದೇನೂ ಇಳಿಸಲಿಲ್ಲ, ಆ ಮೆನುವಿನಲ್ಲಿ ಎಮ್ಯುಲೇಟರ್ ಬದಲಿಸಿದೆವು.

ಜೋಡಿ ಸರಿ ಇದ್ದೂ ಓಡಲಿಲ್ಲವಾ? ಹಾಗಾದರೆ ತಾಯಿ ಫೈಲ್ ಇದೆಯಾ ನೋಡಿ. ಪ್ಯಾಕ್‌ಮ್ಯಾನ್ 1980ರಲ್ಲಿ ಜಪಾನಿನಲ್ಲಿ ಬಂದದ್ದು ಪಕ್‌ಮ್ಯಾನ್ ಎಂಬ ಹೆಸರಿನಲ್ಲಿ. ಮೇಮ್ ಲೆಕ್ಕದಲ್ಲಿ ಪಕ್‌ಮ್ಯಾನ್ ತಾಯಿ, ಪ್ಯಾಕ್‌ಮ್ಯಾನ್ ಮಗು. ಎರಡಕ್ಕೂ ಬಣ್ಣದ, ಸದ್ದಿನ ಚಿಪ್ ಒಂದೇ. 'ಸ್ಪ್ಲಿಟ್' ಸೆಟ್ ಆದರೆ ಆ ಚಿಪ್‌ಗಳು ತಾಯಿಯ ಜಿಪ್‌ನಲ್ಲಿ ಮಾತ್ರ ಇರುತ್ತವೆ. ಪ್ಯಾಕ್‌ಮ್ಯಾನ್ ಒಂದನ್ನೇ ತಂದಿಟ್ಟರೆ ಓಡುವುದಿಲ್ಲ, ಪಕ್‌ಮ್ಯಾನ್ ಜಿಪ್ ಕೂಡ ಪಕ್ಕದಲ್ಲಿ ಇರಬೇಕು. 'ಮರ್ಜ್ಡ್' ಸೆಟ್‌ನಲ್ಲಿ ತಾಯಿ ಮಕ್ಕಳೆಲ್ಲ ಒಂದೇ ಜಿಪ್‌ನಲ್ಲಿ. 'ನಾನ್-ಮರ್ಜ್ಡ್' ಆದರೆ ಪ್ರತಿ ಜಿಪ್ ಸ್ವತಂತ್ರ. ಜಾಗ ಜಾಸ್ತಿ ತಿನ್ನುತ್ತದೆ, ಆದರೆ ತಲೆನೋವು ಕಮ್ಮಿ. ಕೆಲವೇ ಆಟ ಇಟ್ಟುಕೊಳ್ಳುವವರು ಕಣ್ಣುಮುಚ್ಚಿ ನಾನ್-ಮರ್ಜ್ಡ್ ಆರಿಸಿಕೊಳ್ಳಿ.

ಮೆಟಲ್ ಸ್ಲಗ್‌ನಂಥ ನಿಯೋ ಜಿಯೋ ಆಟಗಳಿಗೆ 'ನಿಯೋಜಿಯೋ' ಎಂಬ ಬಯೋಸ್ ಜಿಪ್ (ಯಂತ್ರ ಶುರುವಾಗಲು ಬೇಕಾದ ಮೂಲ ಪ್ರೋಗ್ರಾಂ) ಬೇಕು. ಅದನ್ನೂ ಬಿಚ್ಚದೆ ಆಟದ ಫೋಲ್ಡರಿನಲ್ಲೇ ಇಡಿ. ಅದೂ ನಿಮ್ಮ ಎಮ್ಯುಲೇಟರಿನ ಆವೃತ್ತಿಗೆ ಹೊಂದಬೇಕು. ಒಂದೂ ನಿಯೋ ಜಿಯೋ ಆಟ ಓಡುತ್ತಿಲ್ಲ, ಉಳಿದವೆಲ್ಲ ಓಡುತ್ತಿವೆ ಎಂದರೆ ಬೇರೆ ಏನನ್ನೂ ಮುಟ್ಟಬೇಡಿ, ಸಂಶಯವೇ ಇಲ್ಲ, ತೊಂದರೆ ಈ ಬಯೋಸ್ ಜಿಪ್ಪಿನದ್ದೇ. ಕಿಲ್ಲರ್ ಇನ್‌ಸ್ಟಿಂಕ್ಟ್‌ನಂಥ ಕೆಲವು ಆಟಗಳಿಗೆ ಹಾರ್ಡ್ ಡಿಸ್ಕ್ ಇತ್ತು. ಅದರ ನಕಲಾದ ಸಿಎಚ್‌ಡಿ ಫೈಲನ್ನು ಜಿಪ್ ಹೆಸರಿನದೇ ಒಂದು ಫೋಲ್ಡರ್ ಮಾಡಿ ಅದರೊಳಗೆ ಇಡಬೇಕು.

ಜಿಪ್ ಯಾವ ಆವೃತ್ತಿಯದ್ದೆಂದು ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೆ ದೊಡ್ಡ ಕಂಪ್ಯೂಟರಿನಲ್ಲಿ ಓಡುವ ಕ್ಲಿಯರ್‌ಮೇಮ್‌ಪ್ರೊ ಅಥವಾ ರೋಮ್‌ವಾಲ್ಟ್ ಬಳಸಿ. ನಿಮ್ಮ ಎಮ್ಯುಲೇಟರಿನ 'ಡ್ಯಾಟ್' ಫೈಲ್ (ಅದಕ್ಕೆ ಬೇಕಾದ ಚೂರುಗಳ ಪಟ್ಟಿ) ಇವಕ್ಕೆ ಕೊಡಿ. ಯಾವ ಚೂರು ಇದೆ, ಯಾವುದು ಇಲ್ಲ, ಯಾವುದರ ಹೆಸರು ತಪ್ಪು ಎಂದು ಒಂದೊಂದಾಗಿ ಹೇಳುತ್ತದೆ. ಹೆಸರು ತಪ್ಪಿದ್ದರೆ ತಾನೇ ಸರಿಮಾಡಿಕೊಡುತ್ತದೆ. ಆದರೆ ಇಲ್ಲದ ಚಿಪ್ಪನ್ನು ಹುಟ್ಟಿಸಲು ಅದಕ್ಕೂ ಆಗದು.

'ಸಾವಿರಾರು ಆಟ ತುಂಬಿದ ರೆಡಿ ಕಾರ್ಡ್' ಎಂದು ಮಾರುತ್ತಾರಲ್ಲ, ಅದರ ತಂಟೆಗೆ ಹೋಗಬೇಡಿ. ನಾನು ಬಿಚ್ಚಿ ನೋಡಿದವುಗಳಲ್ಲಿ ನಾಲ್ಕೈದು ಸೆಟ್ ಕಲಸಿಹೋಗಿತ್ತು, ಅರ್ಧ ಆಟ ಬರೀ ಹೆಸರಿಗೆ. ಮೇಲಾಗಿ ಈ ಆಟಗಳಿಗೆ ಹಕ್ಕುದಾರರಿದ್ದಾರೆ. ಪ್ರಯೋಗಕ್ಕೆ ಬೇಕಿದ್ದರೆ ರಾಬಿ ರೋಟೋ, ಗ್ರಿಡ್ಲೀಯಂಥ ಕೆಲವನ್ನು ಹಕ್ಕುದಾರರ ಒಪ್ಪಿಗೆ ಪಡೆದು ಮೇಮ್ ತಂಡವೇ ಉಚಿತವಾಗಿ ಕೊಡುತ್ತದೆ. ಕೈ ಪಳಗಿಸಿಕೊಳ್ಳಲು ಅವು ಸಾಕು.

ಹಂತ 4: ಓಡಿತು, ಆದರೆ ಏನೋ ಸರಿ ಇಲ್ಲ

ಶುರುವಿನಲ್ಲಿ ಪರದೆ ತುಂಬ ಅಡ್ಡಾದಿಡ್ಡಿ ಅಕ್ಷರ ಬಂದರೆ ಹೆದರಿ ಆಫ್ ಮಾಡಬೇಡಿ. ಆ ಕಾಲದ ಬೋರ್ಡ್ ತನ್ನ ಮೆಮೊರಿ ಪರೀಕ್ಷಿಸಿಕೊಳ್ಳುವ ರೀತಿ ಅದು. ಪ್ಯಾಕ್‌ಮ್ಯಾನ್ ಕೂಡ ಹಾಗೇ ಮಾಡುತ್ತದೆ. ಹಳೇ ಮೇಮ್ ಕೆಲವು ಸಲ 'ಓಕೆ' ಎಂದು ಟೈಪ್ ಮಾಡಿ ಎನ್ನುತ್ತದೆ. ಕೀಬೋರ್ಡ್ ಇಲ್ಲದಿದ್ದರೆ ಜಾಯ್‌ಸ್ಟಿಕ್ಕನ್ನು ಎಡಕ್ಕೆ, ಆಮೇಲೆ ಬಲಕ್ಕೆ ಆಡಿಸಿ, ಸಾಕು.

ಆಟ ನಿಧಾನವೇ? ಮಿಂಚಿನ ಗುರುತು ಇಲ್ಲ ಎಂದಾದರೆ ಬಿಸಿ ನೋಡಿ. 80 ಡಿಗ್ರಿ ದಾಟಿದರೆ ಪೈ ವೇಗ ತಗ್ಗಿಸುತ್ತದೆ. ಹೀಟ್‌ಸಿಂಕ್, ಚಿಕ್ಕ ಫ್ಯಾನ್ ಹಾಕಿ. ಓವರ್‌ಕ್ಲಾಕ್ ಮಾಡಲು, ಅಂದರೆ ಪೈಯನ್ನು ನಿಗದಿಗಿಂತ ವೇಗವಾಗಿ ಓಡಿಸಲು ಹೋಗಬೇಡಿ, ಬಿಸಿ ಮತ್ತೂ ಏರುತ್ತದೆ. ಹಳೇ ಟಿವಿಯ ಗೆರೆ ತೋರಿಸುವ ಶೇಡರ್ ಹಾಕಿದ್ದರೆ ಮೊದಲು ಅದನ್ನು ತೆಗೆದು ನೋಡಿ. ಮಾರ್ಟಲ್ ಕಾಂಬ್ಯಾಟ್ ಮಾತ್ರ ಸ್ವಲ್ಪ ತೊದಲಿದಂತೆ ಕಂಡರೆ ತಪ್ಪು ನಿಮ್ಮದಲ್ಲ. ಆ ಬೋರ್ಡ್ ಸೆಕೆಂಡಿಗೆ ಸುಮಾರು 54.7 ಚಿತ್ರ ಕೊಡುತ್ತಿತ್ತು, ನಿಮ್ಮ ಟಿವಿ 60 ತೋರಿಸುತ್ತದೆ. ಬಟನ್ ಒತ್ತಿದ ಮೇಲೆ ತಡವಾಗಿ ಗುದ್ದಿದರೆ ಪೈಯನ್ನು ಬೈಯುವ ಮುಂಚೆ ಟಿವಿಯಲ್ಲಿ ಗೇಮ್ ಮೋಡ್ ಹಾಕಿ.

ಎಚ್‌ಡಿಎಂಐನಲ್ಲಿ ಚಿತ್ರವೇ ಬರದಿದ್ದರೆ, ಪೈ 4ರಲ್ಲಿ ಪವರ್ ಕಿಂಡಿಯ ಪಕ್ಕದ ಎಚ್‌ಡಿಎಂಐಗೇ ಸಿಕ್ಕಿಸಿ.

ಹಂತ 5: ಬಟನ್ ಮತ್ತು ಜಾಯ್‌ಸ್ಟಿಕ್

ಸ್ಟಾರ್ಟ್ ಒತ್ತಿ ಒತ್ತಿ 'ಹ್ಯಾಂಗ್ ಆಗಿದೆ' ಎನ್ನುವವರಿಗೆ ಒಂದು ಮಾತು: ನೀವು ಇನ್ನೂ ನಾಣ್ಯ ಹಾಕಿಲ್ಲ. ಸೆಲೆಕ್ಟ್ ಬಟನ್ನೇ ನಾಣ್ಯ. ಮೊದಲು ಅದು, ಆಮೇಲೆ ಸ್ಟಾರ್ಟ್. ಎರಡನ್ನೂ ಒಟ್ಟಿಗೆ ಒತ್ತಿದರೆ ಆಟದಿಂದ ಆಚೆ.

ಪ್ಯಾಕ್‌ಮ್ಯಾನ್ ತಿರುವಿನಲ್ಲಿ ಮಾತು ಕೇಳದೆ ಸೀದಾ ಹೋಗಿ ದೆವ್ವಕ್ಕೆ ಸಿಗುತ್ತಿದೆಯೇ? ಆ ಆಟ ನಾಲ್ಕು ದಿಕ್ಕಿನ ಜಾಯ್‌ಸ್ಟಿಕ್‌ಗೆಂದು ಮಾಡಿದ್ದು, ನಿಮ್ಮದು ಎಂಟು ದಿಕ್ಕಿನದ್ದು. ಮೂಲೆಗೆ ತಾಗಿದಾಗ ಎರಡು ಸ್ವಿಚ್ ಒಟ್ಟಿಗೆ ಒತ್ತಿಹೋಗಿ ಆಟ ಗಲಿಬಿಲಿಯಾಗುತ್ತದೆ. ಜಾಯ್‌ಸ್ಟಿಕ್ ತಿರುಗಿಸಿ ಅಡಿಯಲ್ಲಿ ನೋಡಿ, ಸಾಮಾನ್ಯವಾಗಿ ಅಲ್ಲಿ ಒಂದು ಪ್ಲಾಸ್ಟಿಕ್ ತಗಡು ಇರುತ್ತದೆ. ಎಷ್ಟೋ ಜಾಯ್‌ಸ್ಟಿಕ್‌ಗಳಲ್ಲಿ ಆ ತಗಡನ್ನು ಬಿಚ್ಚಿ ತಿರುಗಿಸಿ ಕೂರಿಸಿದರೆ ಮೂಲೆಗಳು ಮುಚ್ಚಿಕೊಂಡು ನಾಲ್ಕೇ ದಿಕ್ಕು ಉಳಿಯುತ್ತವೆ. ಸ್ಟ್ರೀಟ್ ಫೈಟರ್ ಆಡುವಾಗ ಮಾತ್ರ ಮರೆಯದೆ ವಾಪಸ್ ತಿರುಗಿಸಿ, ಇಲ್ಲದಿದ್ದರೆ ಹಡೋಕೆನ್ (ಕೈಯಿಂದ ಬೆಂಕಿಯುಂಡೆ ಎಸೆಯುವ ಹೊಡೆತ) ಬರುವುದೇ ಇಲ್ಲ.